ಶಾಂಪೂ ಬಿಟ್ಟು ಕಂಡೀಷನರ್‌ನಿಂದಲೇ ತಲೆ ತೊಳೆಯಬಹುದೇ?

ಪ್ರಶ್ನೆ: ನನ್ನದು ಗುಂಗುರು ಕೂದಲು. ಶಾಂಪೂ ಹಾಕಿದ ದಿನ ತೆಂಗಿನ ನಾರಿನಂತೆ ಒರಟಾಗಿ ಎದ್ದು ನಿಲ್ಲುತ್ತದೆ, ಬಾಚಿದರೆ ತುಂಡಾಗುತ್ತದೆ. ಶಾಂಪೂ ಪೂರ್ತಿ ಬಿಟ್ಟು ಕಂಡೀಷನರ್‌ನಿಂದಲೇ ತಲೆ ತೊಳೆದರೆ ಸಾಕು ಎಂದು ಗೆಳತಿಯರು ಹೇಳುತ್ತಾರೆ. ನೊರೆಯೇ ಬಾರದ ವಸ್ತುವಿನಿಂದ ಕೊಳೆ ಹೋಗುತ್ತದೆಯೇ? ವಾರಕ್ಕೊಮ್ಮೆ ಎಣ್ಣೆ ಹಚ್ಚಿಕೊಳ್ಳುವ ರೂಢಿಯೂ ಇದೆ.

ಉತ್ತರ: ಬೆವರು, ಧೂಳು, ನಿತ್ಯದ ಸ್ವಲ್ಪ ಜಿಡ್ಡು ಹೋಗುತ್ತವೆ. ಎಣ್ಣೆಸ್ನಾನದ ಎಣ್ಣೆ ಹೋಗುವುದಿಲ್ಲ. ಒಣಗಿದ ಗುಂಗುರು ಕೂದಲಿಗೆ ಈ ವಿಧಾನ ನಿಜವಾಗಿಯೂ ಒಳ್ಳೆಯದು, ಆದರೆ ಶಾಂಪೂವನ್ನು ಪೂರ್ತಿ ಬಿಟ್ಟುಬಿಡಿ ಎಂದು ನಾನು ನಿಮಗೆ ಹೇಳಲಾರೆ. ಅದಕ್ಕೆ ಕಾರಣ ನಿಮ್ಮ ಕೂದಲಲ್ಲ, ನಿಮ್ಮ ನೆತ್ತಿ.

‘ತಲೆ ತೊಳೆಯುವುದು’ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಕೆಲಸಗಳನ್ನು ಸೇರಿಸಿಬಿಟ್ಟಿದ್ದೇವೆ. ನೆತ್ತಿ ಜೀವಂತ ಚರ್ಮ. ಅದು ಬೆವರುತ್ತದೆ, ಜಿಡ್ಡು ಸುರಿಸುತ್ತದೆ, ಸತ್ತ ಕೋಶಗಳನ್ನು ಉದುರಿಸುತ್ತದೆ, ತನ್ನ ಮೇಲೆ ಬಗೆಬಗೆಯ ಸೂಕ್ಷ್ಮಜೀವಿಗಳನ್ನು ಸಾಕಿಕೊಂಡಿರುತ್ತದೆ. ಕೂದಲಾದರೋ ಬುಡದಿಂದ ಹೊರಬಂದ ಮೇಲೆ ಜೀವವಿಲ್ಲದ ಎಳೆ. ಅದಕ್ಕೆ ಹಾನಿಯಾದರೆ ತಾನಾಗಿ ಸರಿಪಡಿಸಿಕೊಳ್ಳುವ ಶಕ್ತಿಯಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 60 ಸೆಂಟಿಮೀಟರ್ ಉದ್ದದ ಜಡೆಯೆಂದರೆ ಅದರ ತುದಿಗೆ ಐದು ವರ್ಷ ವಯಸ್ಸು. ಐದು ದೀಪಾವಳಿಗಳ ಎಣ್ಣೆ, ಐದು ಬೇಸಿಗೆಗಳ ಬಿಸಿಲು, ನೂರಾರು ಸಲದ ಉಜ್ಜಾಟ, ಸಾವಿರಾರು ಸಲದ ಬಾಚಣಿಗೆ, ಎಲ್ಲವನ್ನೂ ತಿಂದ ತುದಿ ಅದು. ನೆತ್ತಿಗೆ ಬೇಕಾದದ್ದು ಶುದ್ಧಿ, ಆ ಹಳೆಯ ತುದಿಗೆ ಬೇಕಾದದ್ದು ಆರೈಕೆ. ಎರಡಕ್ಕೂ ಒಂದೇ ಬಾಟಲಿಯನ್ನು ಒಂದೇ ಬಗೆಯಲ್ಲಿ ಸುರಿಯುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ.

ಗುಂಗುರು ಕೂದಲಿನವರಿಗೆ ಈ ಅಂತರ ಇನ್ನೂ ಹೆಚ್ಚು. ನೇರ ಕೂದಲಿನಲ್ಲಿ ನೆತ್ತಿಯ ಜಿಡ್ಡು ಬಾಚಣಿಗೆಯ ಜೊತೆ ಸರಾಗವಾಗಿ ತುದಿಯವರೆಗೆ ಇಳಿಯುತ್ತದೆ. ಗುಂಗುರಿನಲ್ಲಿ ಸುರುಳಿ ಸುರುಳಿಗೂ ತಡೆ. ಬುಡದಲ್ಲಿ ಜಿಡ್ಡು ನಿಲ್ಲುತ್ತದೆ, ತುದಿಯಲ್ಲಿ ಬರ ಬೀಳುತ್ತದೆ. ಅಂಥ ಕೂದಲಿಗೆ ಎರಡು ದಿನಕ್ಕೊಮ್ಮೆ ಗಟ್ಟಿ ಶಾಂಪೂ ಹಾಕಿ ಗಸಗಸ ಉಜ್ಜಿದರೆ, ನೀವು ಹೇಳಿದ ತೆಂಗಿನ ನಾರು ಸಿದ್ಧ.

ಇನ್ನು ನೊರೆಯ ಮಾತು. ನೊರೆಯೇ ಶುದ್ಧಿ ಎಂದು ನಮ್ಮ ಕಣ್ಣು ಕಲಿತುಬಿಟ್ಟಿದೆ, ಆದರೆ ಕೊಳೆ ತೆಗೆಯುವುದು ನೊರೆಯಲ್ಲ. ಕೊಳೆ ತೆಗೆಯುವ ಅಣುವಿಗೆ ಎರಡು ತುದಿಗಳಿರುತ್ತವೆ. ಒಂದು ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಹಿಡಿಯುತ್ತದೆ. ಶಾಂಪೂಗಳಲ್ಲಿ ಸಾಮಾನ್ಯವಾಗಿರುವ ಸೋಡಿಯಂ ಲಾರೆತ್ ಸಲ್ಫೇಟ್ ಇಂಥದ್ದೇ ಅಣು. ಅದರ ನೀರು ಹಿಡಿಯುವ ತುದಿಯಲ್ಲಿ ಋಣ ವಿದ್ಯುದಾವೇಶವಿದೆ. ನೀರಿನಲ್ಲಿ ನೆನೆದ ಕೂದಲಿನ ಮೇಲ್ಮೈಯಲ್ಲಿಯೂ ಸಾಮಾನ್ಯವಾಗಿ ಇರುವುದು ಋಣಾವೇಶವೇ. ಹಾಗಾಗಿ ಶಾಂಪೂ ಜಿಡ್ಡನ್ನು ಕಿತ್ತುಕೊಂಡು ಕೂದಲಿಗೆ ಅಂಟದೆ ನೀರಿನೊಡನೆ ಹೊರಟುಹೋಗುತ್ತದೆ. ತೊಳೆಯುವ ಕೆಲಸಕ್ಕೆ ಅದಕ್ಕಿಂತ ಸಮರ್ಥವಾದದ್ದು ಬಚ್ಚಲುಮನೆಯಲ್ಲಿ ಇನ್ನೊಂದಿಲ್ಲ.

ಕಂಡೀಷನರ್‌ನಲ್ಲಿಯೂ ಇಂಥ ಎರಡು ತುದಿಯ ಅಣುಗಳೇ ಇವೆ, ಆದರೆ ಆವೇಶ ತಿರುಗುಮುರುಗು. ಬಾಟಲಿಯ ಹಿಂದೆ ಸೆಟ್ರಿಮೋನಿಯಂ ಕ್ಲೋರೈಡ್ ಅಥವಾ ಬೆಹೆನ್‌ಟ್ರಿಮೋನಿಯಂ ಮೆಥೋಸಲ್ಫೇಟ್ ಎಂದು ಇರುವುದನ್ನು ನೋಡಿರಬಹುದು. ಅವು ಧನಾವೇಶದವು. ಅವು ಕೂದಲಿಗೆ ಅಂಟಿ, ತೊಳೆದ ಮೇಲೂ ತೆಳುವಾದ ಪದರವಾಗಿ ಉಳಿಯುತ್ತವೆ. ಕೂದಲು ಹೆಚ್ಚು ಹಾಳಾದ ಜಾಗದಲ್ಲಿ ಋಣಾವೇಶವೂ ಹೆಚ್ಚು, ಆದ್ದರಿಂದ ಅಲ್ಲಿಯೇ ಹೆಚ್ಚು ಅಂಟುತ್ತವೆ. ಎಲ್ಲಿ ಗಾಯವೋ ಅಲ್ಲಿಗೇ ಮುಲಾಮು ಹೋದಂತೆ. ಇದರ ಜೊತೆಗೆ ಸೀಟೈಲ್ ಆಲ್ಕೋಹಾಲ್, ಸೀಟೇರಿಲ್ ಆಲ್ಕೋಹಾಲ್‌ನಂಥ ಮೇಣದಂಥ ಕೊಬ್ಬುಗಳಿರುತ್ತವೆ. (ಹೆಸರು ನೋಡಿ ಹೆದರಬೇಡಿ. ಈ ಆಲ್ಕೋಹಾಲ್ ಕೂದಲನ್ನು ಒಣಗಿಸುವುದಿಲ್ಲ, ಆ ಮೆಥೋಸಲ್ಫೇಟ್ ಶಾಂಪೂವಿನ ಸಲ್ಫೇಟಿನಂತೆ ಜಿಡ್ಡು ಕೀಳುವುದೂ ಇಲ್ಲ.) ಇವೆಲ್ಲ ಸೇರಿ ನೆತ್ತಿಯ ಜಿಡ್ಡನ್ನು ತಕ್ಕಮಟ್ಟಿಗೆ ತಮ್ಮೊಳಗೆ ಬೆರೆಸಿಕೊಳ್ಳುತ್ತವೆ. ಉಳಿದ ಕೆಲಸ ನಿಮ್ಮ ಬೆರಳು ಮತ್ತು ನೀರಿನದು. ಕಂಡೀಷನರ್‌ನಿಂದ ತೊಳೆದರೂ ತಲೆ ಹಗುರವಾಗುವುದು ಹೀಗೆ.

ಈ ವಿಧಾನ ಹಬ್ಬಿದ್ದು ಅಮೆರಿಕದಿಂದ. ಅಲ್ಲಿನ ಕಪ್ಪು ವರ್ಣೀಯ ಮಹಿಳೆಯರ ದಟ್ಟ ಸುರುಳಿ ಕೂದಲಿಗೆ, ನೇರ ಕೂದಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಶಾಂಪೂಗಳು ಎಂದೂ ಹೊಂದಲಿಲ್ಲ. ರಾಸಾಯನಿಕ ಹಾಕಿ ಕೂದಲನ್ನು ನೇರ ಮಾಡಿಸಿಕೊಳ್ಳುವುದನ್ನು ಬಿಟ್ಟು, ಹುಟ್ಟಿದ ಕೂದಲನ್ನು ಹಾಗೆಯೇ ಉಳಿಸಿಕೊಳ್ಳಲು ಹೊರಟವರು ಇದನ್ನು ತಮ್ಮೊಳಗೆ ಹಂಚಿಕೊಂಡು ಬೆಳೆಸಿದರು. ನ್ಯೂಯಾರ್ಕ್‌ನ ಕೇಶವಿನ್ಯಾಸಕಿ ಲೊರೇನ್ ಮ್ಯಾಸಿ 2000ರ ದಶಕದ ಆರಂಭದಲ್ಲಿ ಗುಂಗುರು ಕೂದಲಿನವರಿಗೆ ಸಲ್ಫೇಟ್ ಶಾಂಪೂ ಬೇಡವೆಂದು ಬರೆದ ಮೇಲೆ ಇನ್ನಷ್ಟು ಜನ ಇದರತ್ತ ತಿರುಗಿದರು. ಬಾಲ್ಯವಿಡೀ ‘ಕಾಗೆಗೂಡು’ ಎಂದು ಕರೆಸಿಕೊಂಡ ಕೂದಲಿನವಳಾದ ನನಗೆ, ಕೂದಲಿನ ದೋಷವಲ್ಲ, ತೊಳೆಯುವ ಕ್ರಮದ ದೋಷ ಎಂದು ಅವರೆಲ್ಲ ಕಂಡುಕೊಂಡದ್ದು ದೊಡ್ಡ ಸಮಾಧಾನ ಕೊಟ್ಟಿತ್ತು.

ಆದರೆ ಅದೇ ಅಮೆರಿಕದಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಶಾಂಪೂವಿನ ಬದಲಿಗೆಂದೇ ಮಾರುತ್ತಿದ್ದ ‘ವೆನ್’ ಎಂಬ ತೊಳೆಯುವ ಕಂಡೀಷನರ್‌ನಿಂದ ಕೂದಲು ಉದುರಿತು, ನೆತ್ತಿ ತುರಿಸಿತು ಎಂದು ಅನೇಕರು ದೂರಿದರು. 2016ರ ಜುಲೈ ಹೊತ್ತಿಗೆ ಆ ದೇಶದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಗೆ ನೇರವಾಗಿ 127 ದೂರುಗಳು ಬಂದಿದ್ದವು. ತಯಾರಕರಿಗೆ ಮತ್ತು ಮಾರಾಟಗಾರರಿಗೆ 21,000ಕ್ಕೂ ಹೆಚ್ಚು ದೂರುಗಳು ಹೋಗಿದ್ದವು ಎಂಬುದೂ ಹೊರಬಂತು. ಕೂದಲು ತೊಳೆಯುವ ಬೇರಾವ ಸೌಂದರ್ಯವರ್ಧಕದ ಬಗೆಗೂ ಅಷ್ಟು ದೂರುಗಳು ಆ ಸಂಸ್ಥೆಗೆ ಬಂದಿರಲಿಲ್ಲ. ಅದರಲ್ಲಿನ ಯಾವ ವಸ್ತುವಿನಿಂದ ಹೀಗಾಯಿತು ಎಂಬುದು ಆಗ ಇತ್ಯರ್ಥವಾಗಲಿಲ್ಲ. ಕಂಡೀಷನರ್‌ನಿಂದ ತೊಳೆದವರಿಗೆಲ್ಲ ಕೂದಲು ಉದುರುತ್ತದೆ ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ‘ಮೃದು’ ಎಂದು ಬಾಟಲಿಯ ಮೇಲೆ ಬರೆದಿರುವುದನ್ನು ನಂಬಿ, ತುರಿಕೆ ಶುರುವಾದ ಮೇಲೂ ಮುಂದುವರಿಸಬೇಡಿ ಎಂದಷ್ಟೇ ನನ್ನ ಕಳಕಳಿ.

ಈಗ ನಮ್ಮ ಮನೆಗಳಿಗೆ ಬರೋಣ. ನೊರೆಯಿಲ್ಲದೆ ತಲೆ ತೊಳೆಯುವುದು ಕರ್ನಾಟಕಕ್ಕೆ ಹೊಸದಲ್ಲ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ದಾಸವಾಳದ ಎಲೆಗಳನ್ನು ನೀರಿನಲ್ಲಿ ಕಿವುಚಿ ಗೊಂಪು ಮಾಡುತ್ತಿದ್ದರು, ಈಗಲೂ ಮಾಡುವವರಿದ್ದಾರೆ. ಲೋಳೆಲೋಳೆಯಾದ ಆ ಹಸಿರು ದ್ರವವನ್ನು ತಲೆಗೆ ಸುರಿದುಕೊಂಡು ಬೆರಳಾಡಿಸಿದರೆ ಸಿಕ್ಕು ತಾನಾಗಿ ಬಿಡುತ್ತದೆ. ನೆನೆಸಿ ರುಬ್ಬಿದ ಮೆಂತ್ಯವೂ ಹಾಗೆಯೇ. ಮೆಂತ್ಯದ ಲೋಳೆಯಲ್ಲಿರುವುದು ಗ್ಯಾಲಕ್ಟೋಮನ್ನಾನ್ ಎಂಬ ಉದ್ದ ಸರಪಳಿಯ ಸಕ್ಕರೆ. ನಾವು ಪಲ್ಯಕ್ಕೆ ಹಾಕುವ ಗೋರಿಕಾಯಿಯ ಬೀಜದ ಅಂಟಿನಲ್ಲಿರುವುದೂ ಅದೇ ಜಾತಿಯದು. ಆ ಗೋರಿಕಾಯಿ ಅಂಟಿಗೆ ಧನಾವೇಶ ಕೊಟ್ಟು ಇಂದಿನ ಶಾಂಪೂ, ಕಂಡೀಷನರ್‌ಗಳಲ್ಲಿ ಕೂದಲು ನುಣುಪಾಗಲೆಂದು ಬೆರೆಸುತ್ತಾರೆ. ಪಟ್ಟಿಯಲ್ಲಿ ‘ಗ್ವಾರ್’ ಎಂದು ಶುರುವಾಗುವ ಉದ್ದನೆಯ ಹೆಸರು ಕಂಡರೆ ಅದು ನಮ್ಮ ಗೋರಿಕಾಯಿಯೇ.

ಆದರೆ ಗೊಂಪಿನ ಮನೆಯವರಿಗೂ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಅಭ್ಯಂಜನದ ದಿನ ಬರೀ ಲೋಳೆಯಿಂದ ಎಣ್ಣೆ ಬಿಡುವುದಿಲ್ಲ. ಅದಕ್ಕೆ ಸೀಗೆಪುಡಿ ಬೇಕು, ಅಂಟುವಾಳ ಬೇಕು, ಇಲ್ಲವೇ ಕಡಲೆಹಿಟ್ಟು ಬೇಕು. ಸೀಗೆಯಲ್ಲೂ ಅಂಟುವಾಳದಲ್ಲೂ ಸಪೋನಿನ್ ಇದೆ. ಅದು ಜಿಡ್ಡನ್ನು ನೀರಿಗೆ ಬೆರೆಸುವ ಅಣು, ನೊರೆಯೂ ಬರುತ್ತದೆ. ಕಡಲೆಹಿಟ್ಟು ಎಣ್ಣೆಯನ್ನು ಹೀರಿಕೊಂಡು ಉದುರುತ್ತದೆ. ನಿಮ್ಮ ವಾರದ ಎಣ್ಣೆಗೂ ಇದೇ ಲೆಕ್ಕ. ಎಣ್ಣೆ ಬಿಡಬೇಕಾಗಿಲ್ಲ. ತೆಂಗಿನೆಣ್ಣೆ ಕೂದಲಿನ ಒಳಕ್ಕೆ ಇಳಿಯಬಲ್ಲದು, ತೊಳೆಯುವ ಮೊದಲು ಹಚ್ಚಿದರೆ ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸುತ್ತದೆ. ಆದರೆ ಅಂಗೈ ತುಂಬ ಎಣ್ಣೆ ಸುರಿದುಕೊಂಡ ದಿನ ಕಂಡೀಷನರ್ ಸಾಲದು. ಆ ದಿನ ಶಾಂಪೂ ಅಥವಾ ಸೀಗೆ ಇರಲಿ. ಒಂದು ಉಪಾಯ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ: ಎಣ್ಣೆ ಹಚ್ಚಿದ ಕೂದಲಿಗೆ ನೀರು ತಾಗಿಸುವ ಮೊದಲೇ ಕಂಡೀಷನರ್ ಸವರಿ ಹತ್ತು ನಿಮಿಷ ಬಿಡಿ. ಅದು ಎಣ್ಣೆಯೊಡನೆ ಬೆರೆತು ಹಾಲಿನಂತಾಗುತ್ತದೆ. ಆಮೇಲೆ ನೆತ್ತಿಗೆ ಮಾತ್ರ ಸ್ವಲ್ಪ ಶಾಂಪೂ ಸಾಕಾಗುತ್ತದೆ, ತುದಿಗಳನ್ನು ಮುಟ್ಟಲೇ ಬೇಕಾಗಿಲ್ಲ.

ಯಾರು ಇದರ ಗೋಜಿಗೆ ಹೋಗಬಾರದು? ಮೊದಲನೆಯದಾಗಿ ಹೊಟ್ಟು ಇರುವವರು. ಹೊಟ್ಟಿನ ಹಿಂದಿರುವ ಮಲಸೇಜಿಯ ಎಂಬ ಶಿಲೀಂಧ್ರ ಎಲ್ಲರ ನೆತ್ತಿಯ ಮೇಲೂ ಇರುತ್ತದೆ. ಅದು ಜಿಡ್ಡನ್ನು ಒಡೆದು ತಿನ್ನುತ್ತದೆ, ಒಡೆದಾಗ ಉಳಿಯುವ ಕೊಬ್ಬಿನಾಮ್ಲಗಳು ಕೆಲವರ ಚರ್ಮವನ್ನು ಕೆರಳಿಸುತ್ತವೆ. ಜಿಡ್ಡು ಪೂರ್ತಿ ತೆಗೆಯದ ವಿಧಾನವೆಂದರೆ ಅದಕ್ಕೆ ಊಟ ಬಡಿಸಿದಂತೆ. ನೆತ್ತಿಯ ಮೇಲೆ ತೆಂಗಿನೆಣ್ಣೆಯನ್ನು ದಿನಗಟ್ಟಲೆ ಬಿಡುವುದೂ ಅಷ್ಟೇ. ಇಂಥವರಿಗೆ ಬೇಕಾದದ್ದು ಕೀಟೋಕೊನಜೋಲ್‌ನಂಥ ಔಷಧಿಯಿರುವ ಶಾಂಪೂ. ಹಚ್ಚಿದ ತಕ್ಷಣ ತೊಳೆಯದೆ ಮೂರರಿಂದ ಐದು ನಿಮಿಷ ನೆತ್ತಿಯ ಮೇಲೆ ಬಿಡಬೇಕು. ಕೆಂಪಾಗಿ ಪದರೇಳುತ್ತಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಎರಡನೆಯದಾಗಿ, ನೇರವಾದ ತೆಳು ಕೂದಲಿನವರು. ಅವರಿಗೆ ಇದು ಹಾನಿ ಮಾಡದಿದ್ದರೂ ಕೂದಲು ಸಂಜೆಯ ಹೊತ್ತಿಗೆ ನೆತ್ತಿಗಂಟಿ ಜೋತುಬೀಳುತ್ತದೆ. ಹಣೆ, ಕತ್ತು, ಬೆನ್ನಿನ ಮೇಲೆ ಮೊಡವೆ ಏಳುವವರೂ ಎಚ್ಚರವಾಗಿರಬೇಕು, ಕಂಡೀಷನರ್‌ನ ಜಿಡ್ಡು ಅಲ್ಲಿ ಉಳಿದರೆ ಮೊಡವೆ ಹೆಚ್ಚಬಹುದು.

ನಿಮ್ಮಂಥ ಗುಂಗುರು ಕೂದಲಿನವರು ಹೇಗೆ ಮಾಡಬೇಕು ಎಂಬುದನ್ನು ಈಗ ಬಿಡಿಸಿ ಹೇಳುತ್ತೇನೆ. ಮೊದಲು ಬಾಟಲಿ ಆರಿಸುವುದು. ಡೈಮೆಥಿಕೋನ್, ಅಮೋಡೈಮೆಥಿಕೋನ್ ಎಂಬ ಹೆಸರಿನ ಸಿಲಿಕೋನ್‌ಗಳು ನೀರಿನಲ್ಲಿ ಕರಗುವುದಿಲ್ಲ. ಶಾಂಪೂ ಹಾಕುವವರಿಗೆ ಅವುಗಳಿಂದ ತೊಂದರೆಯಿಲ್ಲ, ಮುಂದಿನ ಸಲ ತೊಳೆದುಹೋಗುತ್ತವೆ. ಬರೀ ಕಂಡೀಷನರ್‌ನಿಂದ ತೊಳೆದರೆ ಪದರದ ಮೇಲೆ ಪದರ ಕೂತು ಕೂದಲು ಭಾರವಾಗುತ್ತದೆ. ಆದ್ದರಿಂದ ಅವು ಇಲ್ಲದ, ತೆಳುವಾಗಿ ಹರಿಯುವ ಸಾದಾ ಕಂಡೀಷನರ್ ಸಾಕು. ದುಬಾರಿಯದು ಬೇಡ, ಏಕೆಂದರೆ ಕೈ ಧಾರಾಳವಾಗಿರಬೇಕು. ಭುಜದವರೆಗಿನ ಕೂದಲಿಗೆ ಒಂದು ಅಂಗೈ ತುಂಬ ಬೇಕಾಗುತ್ತದೆ.

ಕೂದಲನ್ನು ಚೆನ್ನಾಗಿ ನೆನೆಸಿ. ಬೈತಲೆ ಬೈತಲೆಯಾಗಿ ಬಿಡಿಸಿ ಕಂಡೀಷನರ್ ಅನ್ನು ನೆತ್ತಿಗೇ ತಲುಪಿಸಿ. ಉಗುರಲ್ಲ, ಬೆರಳ ತುದಿಯ ಮೆತ್ತನೆಯ ಭಾಗದಿಂದ ನಾಲ್ಕೈದು ನಿಮಿಷ ತಿಕ್ಕಿ. ಶಾಂಪೂವಿನಲ್ಲಿ ರಾಸಾಯನಿಕ ಮಾಡುವ ಕೆಲಸವನ್ನು ಇಲ್ಲಿ ನಿಮ್ಮ ಬೆರಳು ಮಾಡಬೇಕು, ಈ ವಿಧಾನ ತಮಗೆ ಒಗ್ಗಲಿಲ್ಲ ಎನ್ನುವವರಲ್ಲಿ ಬಹಳಷ್ಟು ಜನ ಅರ್ಧ ನಿಮಿಷ ಸವರಿ ಬಿಟ್ಟವರು. ಕಿವಿಯ ಹಿಂದೆ, ಹಿಂದಲೆಯ ಕೆಳಗೆ ಮರೆಯಬೇಡಿ. ಸಿಕ್ಕು ಬಿಡಿಸುವುದಿದ್ದರೆ ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಒದ್ದೆ ಕೂದಲು ಬಲಹೀನ, ಜಾರಿಕೆ ಇಲ್ಲದೆ ಎಳೆದರೆ ತುಂಡಾಗುತ್ತದೆ. ಕೊನೆಗೆ ನೆತ್ತಿಯ ಮೇಲೆ ಜಾರುವುದು ನಿಲ್ಲುವವರೆಗೆ ಧಾರಾಳ ನೀರಿನಿಂದ ತೊಳೆಯಿರಿ. ಕೈಯಲ್ಲಿ ಒಂದಷ್ಟು ಕೂದಲು ಬಂದರೆ ಗಾಬರಿಯಾಗಬೇಡಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ಗುಂಗುರಿನಲ್ಲಿ ಅವು ಸುರುಳಿಗಳ ನಡುವೆ ಸಿಕ್ಕಿಕೊಂಡಿದ್ದು ತೊಳೆಯುವ ದಿನ ಒಟ್ಟಿಗೇ ಹೊರಬರುತ್ತವೆ.

ನೀರಿನ ಗಡಸುತನವನ್ನೂ ಗಮನಿಸಿ. ಬೆಂಗಳೂರಿನಲ್ಲಿ ಕಾವೇರಿ ನೀರಿನ ಮನೆಯಿಂದ ಬೋರ್‌ವೆಲ್ ನೀರಿನ ಮನೆಗೆ ಹೋದವರು, ಕೂದಲು ಹಠಾತ್ತನೆ ಹಾಳಾಯಿತು ಎನ್ನುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಕೂರುತ್ತವೆ, ಕಂಡೀಷನರ್ ಅವನ್ನು ತೆಗೆಯಲಾರದು. ಅಂಥ ನೀರಿನ ಮನೆಯಲ್ಲಿ ಶಾಂಪೂವಿನ ಸರದಿ ಬೇಗ ಬರಬೇಕು.

ಹಾಗಾದರೆ ನಿಮಗೆ ನಾನು ಹೇಳುವ ಕ್ರಮ ಇದು. ವಾರದ ಎಣ್ಣೆಯ ದಿನ ನೆತ್ತಿಗೆ ಸೌಮ್ಯ ಶಾಂಪೂ ಅಥವಾ ಸೀಗೆ. ವಾರದ ನಡುವೆ ಬೆವರಿದಾಗ ಒಂದೆರಡು ಸಲ ಬರೀ ಕಂಡೀಷನರ್. ಎಣ್ಣೆ ಹಚ್ಚದವರಾಗಿದ್ದರೆ ಶಾಂಪೂವನ್ನು ಎರಡು ವಾರಕ್ಕೊಮ್ಮೆಗೆ ತಳ್ಳಬಹುದಿತ್ತು. ಒಂದು ತಿಂಗಳು ಹೀಗೆ ಮಾಡಿ ನೋಡಿ. ತೊಳೆದ ಮೂರನೆಯ ದಿನ ನೆತ್ತಿಯನ್ನು ಬೆರಳಿನಿಂದ ಉಜ್ಜಿ, ಬೆರಳನ್ನು ಮೂಸಿ. ಹುಳಿವಾಸನೆ ಬಂದರೆ, ಉಗುರಿನ ಸಂದಿಯಲ್ಲಿ ಬಿಳಿಯ ಮೇಣದಂಥದ್ದು ಸಿಕ್ಕರೆ, ಇಲ್ಲವೇ ತುರಿಕೆ ಇದ್ದರೆ, ಶಾಂಪೂವಿನ ದಿನಕ್ಕಾಗಿ ಕಾಯದೆ ಅಂದೇ ಹಾಕಿ ತೊಳೆದುಬಿಡಿ.