ಹುಟ್ಟು ಉದ್ದ ಮಾಡಿದೆವು, ಹಗುರವಾಯಿತು ಯಾಕೆ?

"ನನ್ನ ಎತ್ತರಕ್ಕೆ ಎಷ್ಟು ಉದ್ದದ ಹುಟ್ಟು ಬೇಕು?" ರೋಯಿಂಗ್ ಕಲಿಯಲು ಬರುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನಾನು ಎತ್ತರ ಕೇಳುವ ಮೊದಲು ದೋಣಿಯನ್ನು ಅಳೆಯುತ್ತೇನೆ.

ಎರಡು ಕೈಗೆ ಎರಡು ಹುಟ್ಟು ಹಿಡಿಯುವ ಸ್ಕಲ್ಲಿಂಗ್ ದೋಣಿಯನ್ನೇ ನೋಡೋಣ. ಎರಡು ಬದಿಯ ಪಿನ್‌ಗಳ, ಅಂದರೆ ಹುಟ್ಟು ತಿರುಗುವ ಗೂಟಗಳ, ನಡುವಿನ ಅಂತರವೇ ಸ್ಪ್ಯಾನ್. ಸಾಮಾನ್ಯವಾಗಿ 158ರಿಂದ 160 ಸೆಂ.ಮೀ. ಇರುತ್ತದೆ. ಅದರ ಅರ್ಧಕ್ಕೆ 8 ಸೇರಿಸಿದರೆ ಇನ್‌ಬೋರ್ಡ್ ಸಿಗುತ್ತದೆ. ಅಂದರೆ ಹಿಡಿಯ ತುದಿಯಿಂದ ಕಾಲರ್‌ವರೆಗಿನ ಉದ್ದ. ಹುಟ್ಟು ಹೊರಗೆ ಜಾರದಂತೆ ತಡೆಯುವ ಬಳೆಯೇ ಕಾಲರ್. ಸ್ಪ್ಯಾನ್ 160 ಇದ್ದರೆ ಇನ್‌ಬೋರ್ಡ್ 88. ಆಗ ಎರಡು ಹಿಡಿಗಳು ನಡುವೆ ಸುಮಾರು ಒಂದು ಗೇಣು ಉದ್ದದಷ್ಟು ಒಂದರ ಮೇಲೊಂದು ಬರುತ್ತವೆ. ಇಷ್ಟು ಕೂಡಿಬಂದ ಮೇಲೆಯೇ ಒಟ್ಟು ಉದ್ದದ ಮಾತು.

ಒಟ್ಟು ಉದ್ದ 288 ಅಂದುಕೊಳ್ಳಿ. ಕಾಲರ್‌ನಿಂದಾಚೆ 200 ಸೆಂ.ಮೀ. ಉಳಿಯಿತು. ಕೈಗೆ ಎಷ್ಟು ಭಾರ ಬೀಳುತ್ತದೆ ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಈ 200 ಮತ್ತು 88ರ ಅನುಪಾತ. ಬರೀ 288 ಅಲ್ಲ.

ಹೆಚ್ಚಿನವರು ಎಡವುವುದು ಇಲ್ಲೇ. ಈಗಿನ ಹುಟ್ಟುಗಳಲ್ಲಿ ಹಿಡಿಯನ್ನು ಹೊರಗೆಳೆದು ಉದ್ದ ಮಾಡಬಹುದು. ಭಾರ ಹೆಚ್ಚಲಿ ಅಂತ ಹಿಡಿಯನ್ನು 1 ಸೆಂ.ಮೀ. ಎಳೆದು ಬಿಗಿಮಾಡುತ್ತಾರೆ. ಆದರೆ ಬೆಳೆದದ್ದು ಇನ್‌ಬೋರ್ಡ್, ಅದೀಗ 89. ಆಚೆಯ 200 ಹಾಗೇ ಇದೆ. ಹುಟ್ಟು ಉದ್ದವಾಯಿತು, ಎಳೆತ ಮಾತ್ರ ಶೇ. 1ರಷ್ಟು ಹಗುರವಾಯಿತು! ಭಾರ ಬೇಕಿದ್ದರೆ ಕಾಲರನ್ನೂ ಹಿಡಿಯ ಕಡೆಗೆ ಸರಿಸಿ ಮತ್ತೆ 88ಕ್ಕೆ ತರಬೇಕು. ಆಗಲೂ ಹೆಚ್ಚುವುದು ಶೇ. ಅರ್ಧ ಮಾತ್ರ. ಉದ್ದ ಮುಟ್ಟದೆ ಬರೀ ಕಾಲರನ್ನು ಹಿಡಿಯ ಕಡೆಗೆ 1 ಸೆಂ.ಮೀ. ಸರಿಸಿದರೆ ಭಾರ ಸುಮಾರು ಶೇ. 1.6 ಏರುತ್ತದೆ. ಮೂರು ಪಟ್ಟು ಜಾಸ್ತಿ, ಅಲ್ವಾ? ಆದರೆ ಎರಡೂ ಹುಟ್ಟಿನಲ್ಲಿ ಹಾಗೆ ಸರಿಸಿದಾಗ ಹಿಡಿಗಳು ಒಂದರ ಮೇಲೊಂದು ಬರುವ ಅಂತರ 2 ಸೆಂ.ಮೀ. ಕಡಿಮೆಯಾಗಿ ಕೈಗಳ ದಾರಿಯೇ ಬದಲಾಗುತ್ತದೆ. ಅದಕ್ಕೇ ನಾನು ಕಾಲರನ್ನು ಕೈಗಳಿಗೆ ಹೊಂದಿಸಿ ಅಲ್ಲೇ ಬಿಡುತ್ತೇನೆ. ಭಾರದ ಸಣ್ಣಪುಟ್ಟ ಬದಲಾವಣೆಯನ್ನು ಒಟ್ಟು ಉದ್ದದಲ್ಲಿ ಮಾಡುತ್ತೇನೆ.

ಎದುರುಗಾಳಿಯ ದಿನ ಹೀಗೆ 1–2 ಸೆಂ.ಮೀ. ಚಿಕ್ಕದು ಮಾಡಿದರೆ ಎಳೆತ ಹಗುರವಾಗುತ್ತದೆ. ಹಿಂದಿನಿಂದ ಗಾಳಿ ಬಂದರೆ ಉದ್ದ ಮಾಡಬಹುದು.

ಬ್ಲೇಡ್, ಅಂದರೆ ನೀರಿಗಿಳಿಯುವ ಅಗಲ ತುದಿ, ಬದಲಾದರೆ ಹಳೆಯ ಲೆಕ್ಕ ಬಿಟ್ಟುಬಿಡಿ. ಮೊದಲಿದ್ದ ಮ್ಯಾಕನ್ ಬ್ಲೇಡ್‌ನ ಸ್ಕಲ್ಲಿಂಗ್ ಹುಟ್ಟು 298 ಸೆಂ.ಮೀ. ಆಸುಪಾಸು ಇರುತ್ತಿತ್ತು. 1991ರಲ್ಲಿ ಬಂದ ಅಗಲ ಕೊಡಲಿಯಾಕಾರದ ಬ್ಲೇಡ್ ನೀರಿನಲ್ಲಿ ಕಡಿಮೆ ಜಾರುತ್ತದೆ. ಅದಕ್ಕೆ ಹುಟ್ಟು ಗಿಡ್ಡವಾಗಲೇಬೇಕಾಯಿತು.

ಭಾರ ಸರಿಯಿದೆಯೇ ಎಂದು ಮೊದಲ ಹತ್ತು ಎಳೆತಗಳಲ್ಲಿ ತಿಳಿಯುವುದಿಲ್ಲ. 2000 ಮೀಟರ್‌ನಲ್ಲಿ ಕೊನೆಯ 500 ಮೀಟರ್ ನೋಡಿ. ಮನಸ್ಸಿದ್ದರೂ ವೇಗ ಏರದೆ, ಎಳೆತದ ಕೊನೆಯಲ್ಲಿ ಕೈ ಎದೆಯವರೆಗೆ ಬರದೆ ನಿಂತರೆ ಭಾರ ಹೆಚ್ಚಾಗಿದೆ. ಅದನ್ನು ಸುಮ್ನೆ ತಡೆದುಕೊಳ್ಳಬೇಡಿ, ಸೊಂಟ ಮತ್ತು ಪಕ್ಕೆಲುಬು ಪೆಟ್ಟು ತಿನ್ನುತ್ತವೆ. ಕಲಿಯುವ ಮಕ್ಕಳಿಗಂತೂ ನಾನು ಯಾವಾಗಲೂ ಹಗುರವಾಗಿಯೇ ಇಡುತ್ತೇನೆ.

ಅಳೆಯುವಾಗ ಇನ್‌ಬೋರ್ಡನ್ನು ಕಾಲರ್‌ನ ಓರ್‌ಲಾಕ್‌ಗೆ (ಪಿನ್ ಮೇಲೆ ಹುಟ್ಟನ್ನು ಹಿಡಿದಿಡುವ ಕೊಂಡಿಗೆ) ತಾಗುವ ಮುಖದವರೆಗೆ ಹಿಡಿಯಿರಿ. ಎಡ, ಬಲ ಎರಡೂ ಹುಟ್ಟುಗಳನ್ನು ಅಳೆಯಿರಿ. ಒಂದರಲ್ಲಿ ಅರ್ಧ ಸೆಂ.ಮೀ. ವ್ಯತ್ಯಾಸವಿದ್ದರೂ ಅದನ್ನು ಸರಿಮಾಡಿಯೇ ನೀರಿಗಿಳಿಯಿರಿ.