ಮಂಗಳೂರಿಗೆ ಒಂದು ದಿನ ಸಾಕೇ? ನಾಲ್ಕು ದಿನದ ಪ್ರವಾಸದ ಬಗ್ಗೆ ಕೇಳುವವರಿಗೆ ಉತ್ತರ

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಮಕ್ಕಳು, ಹಿರಿಯರು ಸೇರಿ ಆರು ಜನ ನಾಲ್ಕು ದಿನಗಳ ಮಟ್ಟಿಗೆ ಮಂಗಳೂರಿಗೆ ಬರುತ್ತಿದ್ದೇವೆ. ಮಂಗಳೂರಿನಲ್ಲಿ ನೋಡಲು ಹೆಚ್ಚೇನೂ ಇಲ್ಲವಂತೆ, ಒಂದು ದಿನ ಸಾಕಂತೆ. ಉಳಿದ ಮೂರು ದಿನಗಳಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ, ಕೊಲ್ಲೂರು, ಮುರ್ಡೇಶ್ವರ, ಗೋಕರ್ಣ ಇಷ್ಟನ್ನೂ ಆರಾಮವಾಗಿ ಮುಗಿಸಲು ಯಾವ ಕ್ರಮದಲ್ಲಿ ಹೋಗಬೇಕು?

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರ ಬರೆದಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ದಸರೆ ಮುಗಿಯುತ್ತಿದ್ದಂತೆ ಬರತೊಡಗುವ ಈ ಪತ್ರಗಳಲ್ಲಿ ಬರೆದವರ ಊರು ಮತ್ತು ಬರುವವರ ಸಂಖ್ಯೆ ಬದಲಾಗುತ್ತದೆಯೇ ಹೊರತು ದೇವಸ್ಥಾನಗಳ ಪಟ್ಟಿಯಾಗಲಿ, ‘ಒಂದು ದಿನ ಸಾಕಂತೆ’ ಎಂಬ ಮಾತಾಗಲಿ ಬದಲಾಗುವುದಿಲ್ಲ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕೂ ರಾತ್ರಿ ಮಂಗಳೂರಿನಲ್ಲಿ ಒಂದೇ ಕಡೆ ಉಳಿದುಕೊಳ್ಳಿ. ಎರಡು ದಿನ ಊರಿಗೆ ಕೊಡಿ, ಒಂದು ದಿನ ಕಟೀಲಿನ ಮೇಲಿಂದ ಮೂಡುಬಿದಿರೆ ಮತ್ತು ಕಾರ್ಕಳಕ್ಕೆ, ಇನ್ನೊಂದು ದಿನ ಉಡುಪಿ ಮತ್ತು ಮಲ್ಪೆಗೆ ಹೋಗಿ ಬನ್ನಿ. ಪಟ್ಟಿಯಲ್ಲಿ ಮಿಕ್ಕ ಕ್ಷೇತ್ರಗಳಿಗೆ ಇನ್ನೊಮ್ಮೆ, ಅವುಗಳಿಗೆಂದೇ ಬನ್ನಿ.

ಈಗ ‘ಒಂದು ದಿನ ಸಾಕು’ ಎಂಬ ಮಾತಿಗೆ ಬರೋಣ. ಮಂಗಳೂರು ಎಂದರೆ ರಾತ್ರಿ ಮಲಗಿ ಬೆಳಿಗ್ಗೆ ಬೇರೆ ಕಡೆಗೆ ಹೊರಡುವ ಊರು, ಕರಾವಳಿಯಲ್ಲಿ ಎಲ್ಲವೂ ಹತ್ತಿರ ಹತ್ತಿರ ಎಂಬ ನಂಬಿಕೆ ಘಟ್ಟದ ಮೇಲಿನವರಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಇಲ್ಲಿಗೆ ನಾಲ್ಕು ಸಲ ಬಂದವರೂ ಅದನ್ನೇ ಮುಂದಿನವರಿಗೆ ಹೇಳುತ್ತಾರೆ. ಅವರಿಗೆ ನಾನು ಕೇಳುವುದು ಇಷ್ಟೇ: ಒಮ್ಮೆ ಕಾಗದದ ಮೇಲೆ ಕೂಡಿಸಿ ನೋಡಿ. ಮಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 75 ಕಿಲೋಮೀಟರ್, ಅಲ್ಲಿಂದ ಸುಬ್ರಹ್ಮಣ್ಯಕ್ಕೆ 50ಕ್ಕೂ ಹೆಚ್ಚು, ಸುಬ್ರಹ್ಮಣ್ಯದಿಂದ ಮಂಗಳೂರಿಗೆ ಮರಳಲು 100ಕ್ಕೂ ಹೆಚ್ಚು. ಅಲ್ಲಿಗೆ ಒಂದೇ ದಿನದಲ್ಲಿ 225 ಕಿಲೋಮೀಟರ್ ದಾಟಿತು. ಕೊಲ್ಲೂರು ಮಂಗಳೂರಿನಿಂದ ಸುಮಾರು 135 ಕಿಲೋಮೀಟರ್, ಮುರ್ಡೇಶ್ವರ 150ರ ಮೇಲೆ, ಗೋಕರ್ಣ 220ರ ಮೇಲೆ. ಗೋಕರ್ಣಕ್ಕೆ ಹೋಗಿ ಬರುವ ದಾರಿಯನ್ನು ಬೆಂಗಳೂರಿನ ಕಡೆಗೆ ತಿರುಗಿಸಿದರೆ ನೀವು ಬೆಂಗಳೂರನ್ನು ದಾಟಿ ಮುಂದೆ ಹೋಗಿರುತ್ತೀರಿ. ಮಂಗಳೂರಿನ ಹತ್ತಿರವೆಂದುಕೊಂಡು ನೀವು ಪಟ್ಟಿಗೆ ಸೇರಿಸಿರುವ ಗೋಕರ್ಣ ಎರಡು ಜಿಲ್ಲೆಗಳನ್ನು ದಾಟಿ ಮೂರನೆಯದರಲ್ಲಿದೆ.

ಇದಕ್ಕೆ ಸಮಯದ ಲೆಕ್ಕವನ್ನೂ ಸೇರಿಸಬೇಕು. ಕರಾವಳಿಯ ಅನೇಕ ದೇವಸ್ಥಾನಗಳಲ್ಲಿ ಮಧ್ಯಾಹ್ನದ ಮಹಾಪೂಜೆ ಮುಗಿದ ಮೇಲೆ ದರ್ಶನ ನಿಲ್ಲುತ್ತದೆ, ಸಂಜೆ ಮತ್ತೆ ಬಾಗಿಲು ತೆರೆಯುತ್ತದೆ. ಬೆಳಿಗ್ಗೆ ಒಂದು ಕ್ಷೇತ್ರದ ಸಾಲಿನಲ್ಲಿ ನಿಂತು ಹೊರಬರುವಷ್ಟರಲ್ಲಿ ಹನ್ನೊಂದಾದರೆ, ಮುಂದಿನ ಕ್ಷೇತ್ರ ತಲುಪುವಾಗ ಬಾಗಿಲು ಹಾಕಿರುತ್ತದೆ. ಮೂರು ವರ್ಷಗಳ ಹಿಂದೆ ದಾವಣಗೆರೆಯಿಂದ ಬಂದ ನನ್ನ ಭಾವನವರ ಮನೆಮಂದಿ ಇಂಥದೇ ಪಟ್ಟಿ ಹಿಡಿದು ಬಾಡಿಗೆಯ ಟೆಂಪೋ ಟ್ರಾವೆಲರ್‌ನಲ್ಲಿ ಹೊರಟಿದ್ದರು. ನಾನು ಬೇಡವೆಂದೆ, ಅವರು ಕೇಳಲಿಲ್ಲ. ಎರಡನೆಯ ದಿನದ ತಿರುವುಗಳಲ್ಲಿ ಚಿಕ್ಕ ಹುಡುಗಿ ಮೂರು ಸಲ ವಾಂತಿ ಮಾಡಿಕೊಂಡಳು. ಮೂರನೆಯ ರಾತ್ರಿ ಹತ್ತೂವರೆಗೆ ಗೋಕರ್ಣದಲ್ಲಿ ಮುಚ್ಚಿದ ಬಾಗಿಲಿನ ಎದುರು ನಿಂತು ಅಕ್ಕ ನನಗೆ ಫೋನ್ ಮಾಡಿದಾಗ ಅವಳ ದನಿಯಲ್ಲಿದ್ದ ಆಯಾಸ ನನಗೆ ಈಗಲೂ ನೆನಪಿದೆ. ಹಿಂದಿರುಗುವ ದಿನ ಅವಳು ಹೇಳಿದ ಮಾತೆಂದರೆ, ‘ಇಷ್ಟು ದೂರ ಬಂದು ಸಮುದ್ರದ ಹತ್ತಿರ ಕೂತುಕೊಳ್ಳಲೇ ಇಲ್ಲ ಕಣೋ’.

ಪಟ್ಟಿ ಹಾಕುವವರು ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಸಂಗತಿ ಇಲ್ಲಿನ ಸೆಕೆ. ಡಿಸೆಂಬರ್‌ನಲ್ಲಿಯೂ ಮಧ್ಯಾಹ್ನ ಇಲ್ಲಿ ಮೂವತ್ತು ಡಿಗ್ರಿ ದಾಟುತ್ತದೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಬಯಲುಸೀಮೆಯಲ್ಲಿ ಇದಕ್ಕಿಂತ ಹೆಚ್ಚಿನ ಬಿಸಿಲಿನಲ್ಲಿ ದಿನವಿಡೀ ಓಡಾಡುವವರೂ ಇಲ್ಲಿ ಹನ್ನೆರಡು ಗಂಟೆಗೆ ಸೋತು ಕೂರುವುದು ಇದೇ ಕಾರಣಕ್ಕೆ. ಕರಾವಳಿಯ ದಿನಕ್ಕೆ ಎರಡೇ ಹೊತ್ತು: ಬೆಳಿಗ್ಗೆ ಆರರಿಂದ ಹನ್ನೊಂದು, ಸಂಜೆ ನಾಲ್ಕರ ನಂತರ. ನಡುವಿನದು ಊಟ ಮಾಡಿ ಫ್ಯಾನಿನ ಕೆಳಗೆ ಮಲಗುವ ಹೊತ್ತು. ಹೊತ್ತಿಗೊಂದರಂತೆ ದಿನಕ್ಕೆ ಎರಡು ಜಾಗ ಎಂದು ಇಟ್ಟುಕೊಂಡರೆ ಪ್ರವಾಸ ತಾನಾಗಿಯೇ ಆರಾಮವಾಗುತ್ತದೆ. ನಾಲ್ಕು ದಿನಕ್ಕೆ ಎಂಟು ಹೊತ್ತು. ಅದರಲ್ಲಿ ನಾಲ್ಕನ್ನು ಮಂಗಳೂರಿಗೇ ಕೊಡಿ ಎಂದು ನಾನು ಹೇಳುತ್ತಿದ್ದೇನೆ, ಮತ್ತು ಆ ನಾಲ್ಕೂ ನಿಮಗೆ ಸಾಲುವುದಿಲ್ಲ.

ನೋಡಲು ಏನಿದೆ ಎನ್ನುವವರು ಮೊದಲ ಬೆಳಿಗ್ಗೆ ಕದ್ರಿಗೆ ಹೋಗಲಿ. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹಕ್ಕೆ ಮೂರು ಮುಖ, ಆರು ಕೈ. ಅದರ ಪೀಠದ ಶಾಸನ ಆಳುಪ ದೊರೆ ಕುಂದವರ್ಮನದು, ಕಾಲ 968. ಇದು ಬೌದ್ಧರ ಅವಲೋಕಿತೇಶ್ವರನೆಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಗುಡ್ಡದ ಮೇಲೆ ನಾಥಪಂಥದ ಜೋಗಿಮಠವಿದೆ. ಬೌದ್ಧ, ನಾಥ, ಶೈವ ಮೂರೂ ಹೆಜ್ಜೆಗುರುತುಗಳು ಒಂದೇ ಗುಡ್ಡದಲ್ಲಿ ಸಿಗುವ ಈ ಜಾಗವನ್ನು ಹತ್ತು ನಿಮಿಷದ ದರ್ಶನದಲ್ಲಿ ಮುಗಿಸಿ ಕಾರು ಹತ್ತುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಲ್ಲಿಂದ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್ ದೂರವಿಲ್ಲ. ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಆಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅದರ ಗೋಡೆಗಳ ಮೇಲೆ ಹಸಿ ಗಾರೆಯಲ್ಲಿ, ಛಾವಣಿಯಲ್ಲಿ ಕ್ಯಾನ್ವಾಸಿನ ಮೇಲೆ ಚಿತ್ರ ಬರೆದ. ಹಸಿ ಗಾರೆಯಲ್ಲಿ ಬಣ್ಣ ಹಚ್ಚುವವನಿಗೆ ತಿದ್ದಲು ಅವಕಾಶವಿರುವುದಿಲ್ಲ, ಗಾರೆ ಒಣಗುವುದರೊಳಗೆ ಆ ದಿನದ ಕೆಲಸ ಮುಗಿಯಬೇಕು. ಇದನ್ನು ತಿಳಿದು ನೋಡಿದರೆ ಆ ಗೋಡೆಗಳು ಬೇರೆಯಾಗಿಯೇ ಕಾಣುತ್ತವೆ.

ಕನ್ನಡ ಓದುವವರಾಗಿ ನೀವು, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ನೆಲೆಯೂರಿದ್ದ ಬಲ್ಮಠದ ರಸ್ತೆಯಲ್ಲಿ ಒಂದು ನಿಮಿಷವಾದರೂ ನಿಲ್ಲಬೇಕು. ಹರ್ಮನ್ ಮೋಗ್ಲಿಂಗ್ ಸಂಪಾದಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಈ ಊರಿನಲ್ಲಿ ಕಲ್ಲಚ್ಚಿನಲ್ಲಿ ಮೂಡಿತು. ಕಿಟೆಲ್ ಅವರ ನಿಘಂಟು 1894ರಲ್ಲಿ ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಹೊರಬಂತು. ದೇಶದಾದ್ಯಂತ ಮನೆಗಳ ಮೇಲೆ ಕೂತಿರುವ ಮಂಗಳೂರು ಹಂಚು ಕೂಡ ಅದೇ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೊರಟದ್ದು. ನೋಡಲು ಏನೂ ಇಲ್ಲ ಎನ್ನಿಸಿಕೊಂಡ ಊರಿನ ಸಂಗತಿಗಳಿವು.

ಮೊದಲ ಸಂಜೆಗೆ ನನ್ನ ಸಲಹೆ ಹಳೆ ಬಂದರಿನ ಕಡವು. ಅಲ್ಲಿಂದ ಬೆಂಗರೆಗೆ ಜನ ದಿನನಿತ್ಯ ದೋಣಿಯಲ್ಲಿ ಓಡಾಡುತ್ತಾರೆ. ಅದು ಪ್ರವಾಸಿಗರ ದೋಣಿಯಲ್ಲ, ಅವರ ಬಸ್ಸು. ಶಾಲೆಯ ಬ್ಯಾಗು, ಅಕ್ಕಿಯ ಚೀಲ, ಮೀನಿನ ಖಾಲಿ ಬುಟ್ಟಿಗಳ ನಡುವೆ ಜಾಗ ಮಾಡಿಕೊಂಡು ಕೂತರೆ ಡೀಸೆಲ್ ವಾಸನೆಯೂ ಉಪ್ಪುಗಾಳಿಯೂ ಒಟ್ಟಿಗೇ ಮೂಗಿಗೆ ಬಡಿಯುತ್ತದೆ. ಸಾಲಾಗಿ ಕಟ್ಟಿದ ಬೋಟುಗಳ ಮೇಲೆ ಬಿಳಿ ಕತ್ತಿನ ಗರುಡಗಳು ತಗ್ಗಿನಲ್ಲೇ ಸುತ್ತುತ್ತಿರುತ್ತವೆ. ಕೆಲವೇ ನಿಮಿಷಗಳಲ್ಲಿ ಆಚೆ ದಡ. ಇಳಿದು ಮನೆಗಳ ನಡುವಿನ ಮರಳುದಾರಿಯಲ್ಲಿ ಪಡುವಣಕ್ಕೆ ನಡೆದರೆ ಎದುರಿಗೆ ಕಡಲು. ಬೆನ್ನಿಗೆ ನದಿ, ಮುಂದೆ ಸಮುದ್ರ, ನಿಮ್ಮ ಕಾಲ ಕೆಳಗಿರುವುದು ಇವೆರಡರ ನಡುವಿನ ಮರಳಿನ ಪಟ್ಟಿ. ಉತ್ತರದಿಂದ ಬಂದ ಗುರುಪುರ ನದಿಯೂ ದಕ್ಷಿಣದ ನೇತ್ರಾವತಿಯೂ ಒಂದಾಗಿ ಕಡಲು ಸೇರುವ ಅಳಿವೆ ಇಲ್ಲೇ ಇದೆ. ತುಳುವಿನಲ್ಲಿ ಈ ಊರಿಗಿರುವ ‘ಕುಡ್ಲ’ ಎಂಬ ಹೆಸರು ನದಿಗಳು ಕೂಡುವ ಜಾಗವೆಂಬ ಅರ್ಥದಿಂದ ಬಂದದ್ದೆಂದು ಹೇಳುವುದುಂಟು. ಮಕ್ಕಳಿಗೆ ಭೂಗೋಳದ ಪುಸ್ತಕದಲ್ಲಿ ಅಳಿವೆಯ ಚಿತ್ರ ತೋರಿಸುವುದಕ್ಕಿಂತ ಈ ಸಂಜೆ ದೊಡ್ಡ ಪಾಠ.

ಎರಡನೆಯ ಬೆಳಿಗ್ಗೆ ಬೇಗನೆ ಎದ್ದು ದಕ್ಕೆಗೆ, ಅಂದರೆ ಮೀನುಗಾರಿಕೆಯ ಬಂದರಿಗೆ, ಹೋಗಿ ಮೀನಿನ ಹರಾಜು ನೋಡಬಹುದು. ಮೀನು ಒಲ್ಲದವರು ಆ ಹೊತ್ತನ್ನು ಮಂಗಳಾದೇವಿಗೆ, ಇಲ್ಲವೇ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥನಿಗೆ ಕೊಡಲಿ. ಸಂಜೆ ಪಣಂಬೂರು ಅಥವಾ ತಣ್ಣೀರುಬಾವಿ ಕಡಲತೀರ. ಸೋಮೇಶ್ವರದ ಬಂಡೆಗಳ ಮೇಲಿಂದ ಸೂರ್ಯಾಸ್ತ ಬಹಳ ಚೆಂದ, ಆದರೆ ಅಲ್ಲಿ ನೀರಿಗೆ ಇಳಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬಂಡೆಯ ಬುಡದ ಸೆಳೆತ ಮೇಲಿನಿಂದ ನೋಡುವವರಿಗೆ ತಿಳಿಯುವುದಿಲ್ಲ.

ಮೂರನೆಯ ದಿನದ ಮೂಡುಬಿದಿರೆ ಮತ್ತು ಕಾರ್ಕಳವನ್ನು ನಿಮ್ಮ ಪಟ್ಟಿಯಲ್ಲಿ ಕಾಣದೆ ಆಶ್ಚರ್ಯವಾಯಿತು. ಬೆಳಿಗ್ಗೆ ಕಟೀಲಿನಲ್ಲಿ ನಂದಿನಿ ನದಿಯ ನಡುವಿನ ದೇವಿಯ ದರ್ಶನ ಮಾಡಿ ಮೂಡುಬಿದಿರೆಗೆ ಹೋದರೆ ಸಾವಿರ ಕಂಬದ ಬಸದಿ ಸಿಗುತ್ತದೆ. 1430ರಲ್ಲಿ ಕಟ್ಟಿದ ಈ ಬಸದಿಯ ಒಳಗೆ ಒಂದು ಕಂಬದ ಕೆತ್ತನೆ ಇನ್ನೊಂದರಂತಿಲ್ಲ; ಹೊರಗೆ ಮಾತ್ರ ಅದು ನಮ್ಮ ಮಳೆಗೆ ತಲೆಬಾಗಿ, ಮನೆಗಳ ಹಾಗೆ ಇಳಿಜಾರು ಮಾಡನ್ನು, ಅಂದರೆ ಛಾವಣಿಯನ್ನು, ಹೊದ್ದು ನಿಂತಿದೆ. ಸಂಜೆಯ ಹೊತ್ತಿಗೆ ಕಾರ್ಕಳ ತಲುಪಿ, 1432ರಲ್ಲಿ ನಿಲ್ಲಿಸಿದ 42 ಅಡಿ ಎತ್ತರದ ಬಾಹುಬಲಿಯನ್ನು ನೋಡಿ. ಬಂಡೆಯ ಮೆಟ್ಟಿಲು ಮಧ್ಯಾಹ್ನ ಕಾದಿರುತ್ತದೆ, ಬರಿಗಾಲಿನ ಹಿರಿಯರಿಗೆ ನಾಲ್ಕೂವರೆಯ ನಂತರವೇ ಸರಿ. ಇಳಿದ ಮೇಲೆ ಹೊತ್ತಿದ್ದರೆ 1586ರ ಚತುರ್ಮುಖ ಬಸದಿಯ ಜಗಲಿಯಲ್ಲಿ ಕೂತು ಅದೇ ಬಾಹುಬಲಿಯನ್ನು ದೂರದಿಂದ ನೋಡಬಹುದು.

ಉಡುಪಿಯ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಬರೆಯುವುದಿಲ್ಲ. ಬೆಳಿಗ್ಗೆ ಕೃಷ್ಣಮಠ, ಮಧ್ಯಾಹ್ನ ಮಠದ ಊಟ, ಸ್ವಲ್ಪ ವಿಶ್ರಾಂತಿ, ಆಮೇಲೆ ಮಲ್ಪೆ. ಮಲ್ಪೆಯ ಎದುರಿನ ಕಡಲಿನಲ್ಲಿರುವ ಸೇಂಟ್ ಮೇರೀಸ್ ದ್ವೀಪದ ಷಟ್ಕೋನದ ಕಲ್ಲುಕಂಬಗಳು ಲಾವಾರಸ ಆರಿ ಬಿರಿದಾಗ ಆದವು. ಬೋಟು ಹೊರಡುವುದು ಕಡಲಿನ ಸ್ಥಿತಿ ನೋಡಿ, ಆದ್ದರಿಂದ ದ್ವೀಪವೇ ಮುಖ್ಯವೆನಿಸಿದರೆ ಬೆಳಿಗ್ಗೆ ಮೊದಲು ಮಲ್ಪೆಗೆ ಹೋಗಿ ವಿಚಾರಿಸಿ, ಮಠವನ್ನು ಸಂಜೆಗೆ ಇಟ್ಟುಕೊಳ್ಳಿ.

ಉಳಿದುಕೊಳ್ಳಲು ಕಡಲತೀರಕ್ಕಿಂತ ಹಂಪನಕಟ್ಟೆ, ಕದ್ರಿ, ಕಂಕನಾಡಿಯ ಸುತ್ತ ನೋಡಿ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಎಲ್ಲ ಕಡೆಗೂ ಸಿಟಿ ಬಸ್, ಸರ್ವಿಸ್ ಬಸ್ ಸಿಗುತ್ತವೆ. ನೀರುದೋಸೆ, ಬನ್ಸ್, ಗೋಳಿಬಜೆಯ ಹೋಟೆಲುಗಳು ಕಾಲ್ನಡಿಗೆಯಲ್ಲೇ ಇರುತ್ತವೆ. ರೈಲಿನಲ್ಲಿ ಬರುವವರು ಟಿಕೆಟ್‌ನಲ್ಲಿರುವುದು ಮಂಗಳೂರು ಸೆಂಟ್ರಲ್ಲೋ ಜಂಕ್ಷನ್ನೋ ನೋಡಿಕೊಳ್ಳಿ, ಎರಡೂ ಬೇರೆ ಬೇರೆ ಕಡೆ ಇವೆ. ಡಿಸೆಂಬರ್ ಆದ್ದರಿಂದ ಕಟೀಲು ಮೇಳದ ಆಟ, ಅಂದರೆ ಯಕ್ಷಗಾನ, ಎಲ್ಲಿದೆಯೆಂದು ಅಂಗಡಿಯವರನ್ನು ಕೇಳಿ. ಹರಕೆ ಹೊತ್ತವರು ಆಡಿಸುವ ಹರಕೆಯಾಟಕ್ಕೆ ಟಿಕೆಟ್ ಇಲ್ಲ, ಬಣ್ಣ ಹಚ್ಚುವ ಚೌಕಿಯ ಹತ್ತಿರ ನಿಂತು ವೇಷ ಕಟ್ಟುವುದನ್ನು ನೋಡಲು ಯಾರೂ ಬೇಡವೆನ್ನುವುದಿಲ್ಲ. ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ಮೇಳಗಳು ಗೆಜ್ಜೆ ಬಿಚ್ಚಿ ಮಳೆಗಾಲಕ್ಕೆ ಆಟ ನಿಲ್ಲಿಸುತ್ತವೆ.

ಪತ್ತನಾಜೆಯ ಮಾತು ಬಂದದ್ದರಿಂದ, ನೀವು ಕೇಳದ ಒಂದು ಪ್ರಶ್ನೆಗೂ ಉತ್ತರಿಸುತ್ತೇನೆ, ಏಕೆಂದರೆ ಡಿಸೆಂಬರ್‌ನಲ್ಲಿ ಬಂದವರು ಇನ್ನೊಮ್ಮೆ ಮಳೆಯಲ್ಲಿ ಬರಲೇ ಎಂದು ಯೋಚಿಸುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮೊಟ್ಟೆಯಿಡುವ ಕಾಲವದು, ಕಡಲೂ ಒರಟಾಗಿರುತ್ತದೆ. ಹಾಗಾದರೆ ಜುಲೈಯಲ್ಲಿ ಹೋಟೆಲಿನ ತಟ್ಟೆಗೆ ಬರುವ ಮೀನು ಯಾವುದು? ಒಂದಿಷ್ಟು ನಾಡದೋಣಿಯವರು ದಡದ ಹತ್ತಿರ ಹಿಡಿದದ್ದು, ಅವರಿಗೆ ಅನುಮತಿಯುಂಟು. ಒಂದಿಷ್ಟು ಅಳಿವೆಯ, ಹೊಳೆಯ ಮೀನು. ಇನ್ನೊಂದಿಷ್ಟು ಮಂಜುಗಡ್ಡೆಯಲ್ಲಿ ಪೂರ್ವ ಕರಾವಳಿಯಿಂದ ಬಂದದ್ದು, ಏಕೆಂದರೆ ಅಲ್ಲಿನ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ನಮ್ಮದು ನಡೆಯುತ್ತಿರುವಾಗಲೇ ಅವರದು ಮುಗಿದಿರುತ್ತದೆ. ಹಾಗಾಗಿ ತಾಜಾ ಬಂಗುಡೆ, ಅಂಜಲ್ ಮೀನಿಗಾಗಿಯೇ ಬರುವವರು ಆಗಸ್ಟ್ ಕಳೆದ ಮೇಲೆ ಬನ್ನಿ. ಮಳೆಯನ್ನೇ ನೋಡಬೇಕೆಂದು ಬರುವವರಿಗೆ ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಕೆಸುವಿನ ಎಲೆಯ ಪತ್ರೊಡೆಯೂ ಕಣಿಲೆಯ (ಎಳೆ ಬಿದಿರಿನ) ಪಲ್ಯವೂ ಸಿಗುತ್ತವೆ. ಆಗ ಮಲ್ಪೆಯಿಂದ ದ್ವೀಪಕ್ಕೆ ಬೋಟು ಇರುವುದಿಲ್ಲ, ಕಡಲಿಗೆ ಇಳಿಯುವಂತಿಲ್ಲ. ಮೂಡುಬಿದಿರೆಯ ಬಸದಿಯ ಜಗಲಿಯಲ್ಲಿ ಕೂತು ಆ ಇಳಿಜಾರು ಮಾಡಿನಿಂದ ನೀರು ಧಾರೆಯಾಗಿ ಬೀಳುವುದನ್ನು ನೋಡಲು ಮಾತ್ರ ಅದಕ್ಕಿಂತ ಒಳ್ಳೆಯ ಕಾಲವಿಲ್ಲ.