ಈರುಳ್ಳಿ, ಬೆಳ್ಳುಳ್ಳಿ ಬಿಟ್ಟರೆ ಸಾತ್ವಿಕರಾಗ್ತೀವಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ತಿಂತೀವಿ. ಇದು ತಾಮಸ ಆಹಾರ, ತಿಂದವರೂ ತಾಮಸರಾಗ್ತಾರೆ ಅಂತ ನೆಂಟರೊಬ್ಬರು ಹೇಳಿದರು. ಸತ್ವ, ರಜಸ್ಸು, ತಮಸ್ಸು ಅಂದರೆ ನಿಜವಾಗಿ ಏನು? ನಾನು ಯಾವ ಗುಣದವಳು ಅಂತ ತಿಳಿಯೋದು ಹೇಗೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ನೀವು ಯಾವುದೋ ಒಂದು ಗುಣಕ್ಕೆ ಸೇರಿದವರಲ್ಲ. ಮೂರೂ ನಿಮ್ಮಲ್ಲಿವೆ, ನಿಮ್ಮ ನೆಂಟರಲ್ಲೂ ಇವೆ. ಪ್ರಕೃತಿಯಿಂದ, ಅಂದರೆ ಜಗತ್ತಿನ ಮೂಲವಸ್ತುವಿನಿಂದ, ಹುಟ್ಟಿದ ಈ ಮೂರು ಗುಣಗಳು ಇಲ್ಲದ ಜೀವಿ ಭೂಮಿಯಲ್ಲೂ ಇಲ್ಲ, ದೇವತೆಗಳ ನಡುವೆಯೂ ಇಲ್ಲ ಎಂದು ಭಗವದ್ಗೀತೆಯ 18ನೇ ಅಧ್ಯಾಯದಲ್ಲಿ ಕೃಷ್ಣ ಹೇಳುತ್ತಾನೆ. ದೇವತೆಗಳಿಗೇ ಇಲ್ಲದ ರಿಯಾಯಿತಿ ಅಡುಗೆಮನೆಯ ಒಂದು ನಿಯಮದಿಂದ ನಮಗೆ ಸಿಗುತ್ತದೆಯೇ?

ಗುಣ ಅಂದ ಕೂಡಲೇ ನಮಗೆ ಒಳ್ಳೆ ಗುಣ, ಕೆಟ್ಟ ಗುಣ ನೆನಪಾಗುತ್ತವೆ. ಭಾರತದ ಹಳೆಯ ತತ್ವಚಿಂತನೆಗಳಲ್ಲಿ ಒಂದಾದ ಸಾಂಖ್ಯ ದರ್ಶನದಲ್ಲಿ ವಿಷಯ ಬೇರೆ. ಅಲ್ಲಿ ಜಗತ್ತು ಆಗಿರುವುದೇ ಈ ಮೂರರಿಂದ. ಕಲ್ಲು, ನೀರು, ಮರ ಮಾತ್ರ ಅಲ್ಲ, ನಮ್ಮ ಮನಸ್ಸು ಮತ್ತು ಬುದ್ಧಿ ಕೂಡ. ಈಶ್ವರಕೃಷ್ಣ ಬರೆದ ಸಾಂಖ್ಯಕಾರಿಕೆ ಎಪ್ಪತ್ತು ಚಿಲ್ಲರೆ ಶ್ಲೋಕಗಳ ಪುಟ್ಟ ಗ್ರಂಥ. 6ನೇ ಶತಮಾನದಲ್ಲೇ ಪರಮಾರ್ಥ ಎಂಬ ಬೌದ್ಧ ವಿದ್ವಾಂಸ ಅದನ್ನು ಚೀನೀ ಭಾಷೆಗೆ ತಂದಿದ್ದ. ಅದರ ಪ್ರಕಾರ ಸತ್ವ ಹಗುರ, ಬೆಳಕು ಕೊಡುವಂಥದ್ದು. ರಜಸ್ಸು ಓಡಾಡುವಂಥದ್ದು, ಬೇರೆಯದನ್ನೂ ಓಡಾಡಿಸುವಂಥದ್ದು. ತಮಸ್ಸು ಭಾರ, ಮುಚ್ಚುವಂಥದ್ದು. ಮೂರೂ ಸಮವಾಗಿದ್ದಾಗ ಏನೂ ಹುಟ್ಟುವುದಿಲ್ಲ. ಆ ಸಮತೋಲ ಕದಲಿದಾಗ ಬುದ್ಧಿ, ಅಹಂಕಾರ (ಜಂಬ ಅಲ್ಲ, ‘ನಾನು’ ಎಂಬ ಭಾವ), ಇಂದ್ರಿಯಗಳು, ಪಂಚಭೂತಗಳು ಒಂದರ ಹಿಂದೆ ಒಂದು ಬರುತ್ತವೆ.

ಒಂದಕ್ಕೊಂದು ವಿರುದ್ಧವಾದ ಇವು ಒಟ್ಟಿಗೆ ಇರೋದು ಹೇಗೆ? ದೀಪದ ಹಾಗೆ ಅನ್ನುತ್ತದೆ ಕಾರಿಕೆ. ವ್ಯಾಖ್ಯಾನಕಾರರು ಅದನ್ನು ಬಿಡಿಸುತ್ತಾರೆ: ಎಣ್ಣೆ ಜಾಸ್ತಿ ಸುರಿದರೆ ಉರಿ ಆರುತ್ತದೆ, ಉರಿ ಬತ್ತಿಯನ್ನೂ ಎಣ್ಣೆಯನ್ನೂ ತಿನ್ನುತ್ತದೆ. ಆದರೂ ಮೂರೂ ಸೇರಿದರೇನೇ ಬೆಳಕು.

ಹಾಗಾಗಿ ತಮಸ್ಸನ್ನು ಸುಮ್ನೆ ಬೈಯಬಾರದು. ಅದು ಇಲ್ಲದಿದ್ದರೆ ಯಾವುದೂ ಒಂದು ಕಡೆ ನಿಲ್ಲುವುದಿಲ್ಲ, ರಾತ್ರಿ ನಿದ್ದೆಯೂ ಬರುವುದಿಲ್ಲ. ಆ ನಿದ್ದೆಯಲ್ಲೂ ಮೂರೂ ಕಾಣುತ್ತವೆ. ಪತಂಜಲಿಯ ಯೋಗಸೂತ್ರಕ್ಕೆ ವ್ಯಾಸಭಾಷ್ಯ ಎಂಬ ಹಳೆಯ ವಿವರಣೆ ಇದೆ. ಬೆಳಿಗ್ಗೆ ಎದ್ದವರು ಆಡುವ ಮೂರು ಬಗೆಯ ಮಾತನ್ನು ಅದು ಕೊಡುತ್ತದೆ. ‘ಚೆನ್ನಾಗಿ ನಿದ್ದೆ ಬಂತು, ಮನಸ್ಸು ತಿಳಿಯಾಗಿದೆ’ ಅನ್ನುವವರದು ಸತ್ವ. ‘ನಿದ್ದೆ ಸರಿಯಾಗಲಿಲ್ಲ, ಮನಸ್ಸು ನಿಂತಲ್ಲಿ ನಿಲ್ಲದೆ ಅಲೆಯುತ್ತಿದೆ’ ಅನ್ನುವವರದು ರಜಸ್ಸು. ‘ಮೈಮರೆತು ಮಲಗಿಬಿಟ್ಟೆ, ಕೈಕಾಲು ಭಾರ, ಮನಸ್ಸನ್ನು ಯಾರೋ ಕದ್ದುಕೊಂಡು ಹೋದ ಹಾಗಿದೆ’ ಅನ್ನುವವರದು ತಮಸ್ಸು. ಎಷ್ಟು ಹತ್ತಿರದಿಂದ ನೋಡಿದ್ದಾರೆ ಅಲ್ವಾ! ಒಬ್ಬರೇ ಸೋಮವಾರ ಒಂದು ಥರ, ಮಂಗಳವಾರ ಇನ್ನೊಂದು ಥರ ಏಳಬಹುದು. ಒಂದು ಹೆಚ್ಚಾದಾಗ ಉಳಿದೆರಡು ಅಡಗುತ್ತವೆ, ಆಮೇಲೆ ಅದಲುಬದಲಾಗುತ್ತವೆ ಎಂದು ಗೀತೆಯ 14ನೇ ಅಧ್ಯಾಯವೂ ಹೇಳುತ್ತದೆ.

ಈಗ ಊಟದ ವಿಚಾರ. ಗೀತೆಯ 17ನೇ ಅಧ್ಯಾಯದ 7ರಿಂದ 10ನೇ ಶ್ಲೋಕಗಳನ್ನು ಓದಿ ನೋಡಿ. ರಸವತ್ತಾದ, ಜಿಡ್ಡಿರುವ, ಮನಸ್ಸಿಗೆ ಹಿತವಾದ ಊಟ ಸಾತ್ವಿಕರಿಗೆ ಇಷ್ಟ. ಅತಿ ಖಾರ, ಹುಳಿ, ಉಪ್ಪು, ಸುಡುಸುಡು ಬಿಸಿ ರಾಜಸರಿಗೆ ಇಷ್ಟ. ರುಚಿ ಕೆಟ್ಟದ್ದು, ನಾರುವುದು, ತಂಗಳು, ಎಂಜಲು ತಾಮಸರಿಗೆ ಇಷ್ಟ. ಈರುಳ್ಳಿ, ಬೆಳ್ಳುಳ್ಳಿಯ ಹೆಸರು ಇಲ್ಲೆಲ್ಲೂ ಇಲ್ಲ. ಅವುಗಳ ನಿಷೇಧ ಧರ್ಮಶಾಸ್ತ್ರಗಳಲ್ಲಿದೆ. ಆ ಆಚಾರ ಪಾಲಿಸುವವರನ್ನು ನಾನು ಗೌರವಿಸುತ್ತೇನೆ. ಆದರೆ ಅದನ್ನು ಗೀತೆಯ ಬಾಯಲ್ಲಿ ಹೇಳಿಸಬಾರದು.

ಇನ್ನೂ ಒಂದು ಮಾತು. ಈ ಶ್ಲೋಕಗಳು ಮುಖ್ಯವಾಗಿ ಹೇಳುವುದು ಯಾರಿಗೆ ಯಾವುದು ಇಷ್ಟ ಎಂದು. ಇದನ್ನು ತಿಂದರೆ ನೀನು ತಾಮಸನಾಗುತ್ತೀ ಎಂದಲ್ಲ. ರಾತ್ರಿಯ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡು ಹೊಲಕ್ಕೆ ಹೋಗುವವರನ್ನು ತಂಗಳು ತಿನ್ನುವ ತಾಮಸರು ಅನ್ನುವುದು ಗೀತೆಯನ್ನು ತಪ್ಪಾಗಿ ಓದಿದ ಹಾಗೆ. ಒಂದು ಜಾತಿಯ, ಒಂದು ಕೇರಿಯ ಜನರ ಊಟ ನೋಡಿ ಅವರನ್ನು ಕೀಳಾಗಿ ಕಾಣಲು ಈ ಪದಗಳನ್ನು ಬಳಸುವುದಂತೂ ಅನ್ಯಾಯ.

ಹಾಗಂತ ಊಟಕ್ಕೂ ಮನಸ್ಸಿಗೂ ಸಂಬಂಧವೇ ಇಲ್ಲ ಅಂತಲ್ಲ. ಆಹಾರ ಶುದ್ಧವಾದರೆ ಸತ್ವ (ಇಲ್ಲಿ ಅಂತಃಕರಣ) ಶುದ್ಧವಾಗುತ್ತದೆ ಎಂಬ ಮಾತು ಛಾಂದೋಗ್ಯ ಉಪನಿಷತ್ತಿನಲ್ಲಿದೆ. ಇಲ್ಲಿ ಆಹಾರ ಅಂದರೆ ಬರೀ ಅನ್ನ ಅಲ್ಲ, ಕಣ್ಣು ಕಿವಿಗಳ ಮೂಲಕ ಒಳಗೆ ಬರುವುದೆಲ್ಲ ಎಂದು ಶಂಕರಾಚಾರ್ಯರು ಅರ್ಥ ಮಾಡಿದರು. ನನಗೆ ಈ ಅರ್ಥವೇ ಹೆಚ್ಚು ಹಿಡಿಸುತ್ತದೆ. ಊಟದ ತಟ್ಟೆಯ ಬಗ್ಗೆ ಅಷ್ಟು ಎಚ್ಚರವಾಗಿರುವ ನಾವು, ಊಟ ಮಾಡುತ್ತಾ ಮೊಬೈಲಿನಲ್ಲಿ ಏನು ನೋಡುತ್ತೇವೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಮ್ಮ ಕರ್ನಾಟಕದ್ದೇ ಒಂದು ಬೇರೆ ದನಿಯೂ ಇದೆ. 13ನೇ ಶತಮಾನದ ಉಡುಪಿಯ ಮಧ್ವಾಚಾರ್ಯರ ಸಿದ್ಧಾಂತದಲ್ಲಿ ಜೀವರ ಮೂಲ ಸ್ವಭಾವದಲ್ಲೇ ಮೂರು ಬಗೆ: ಮುಕ್ತಿಯೋಗ್ಯರು, ಹುಟ್ಟುಸಾವಿನಲ್ಲೇ ಸುತ್ತುವ ನಿತ್ಯಸಂಸಾರಿಗಳು, ಕತ್ತಲ ಲೋಕಕ್ಕೆ ಹೋಗುವ ತಮೋಯೋಗ್ಯರು. ಆ ಸ್ವಭಾವ ಬದಲಾಗುವುದಿಲ್ಲ. ಸಾಂಖ್ಯರಿಗೆ ಗುಣಗಳೆಲ್ಲ ಪ್ರಕೃತಿಯವು, ಪುರುಷನಿಗೆ, ಅಂದರೆ ಒಳಗಿದ್ದು ಸುಮ್ಮನೆ ನೋಡುವ ಚೈತನ್ಯಕ್ಕೆ, ಅಂಟುವುದಿಲ್ಲ. ‘ನಾನು ಯಾವ ಗುಣದವಳು’ ಎಂಬ ಒಂದೇ ಪ್ರಶ್ನೆಗೆ ಎರಡು ಮನೆಗಳಲ್ಲಿ ಎರಡು ಉತ್ತರ ಬರುವುದು ಇದರಿಂದಲೇ.

ಜನ ಸಾಮಾನ್ಯವಾಗಿ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಇನ್ನೊಂದು: ಸಾತ್ವಿಕರಾದರೆ ಸಾಕಾ? ಸಾಲದು. ತಮಸ್ಸು ನಿದ್ದೆ, ಆಲಸ್ಯದಿಂದ ಕಟ್ಟಿದರೆ, ರಜಸ್ಸು ಕೆಲಸದ ಹುಚ್ಚಿನಿಂದ ಕಟ್ಟುತ್ತದೆ. ಸತ್ವವೂ ಕಟ್ಟುತ್ತದೆ, ಸುಖದ ಅಂಟಿನಿಂದ, ಜ್ಞಾನದ ಅಂಟಿನಿಂದ. 14ನೇ ಅಧ್ಯಾಯದ 6ನೇ ಶ್ಲೋಕ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ‘ನಾನು ಸಾತ್ವಿಕ’ ಎಂದು ಇನ್ನೊಬ್ಬರ ಎದುರು ಹೇಳಿಕೊಳ್ಳುವ ಆಸೆ ಬಂದರೆ, ಆ ಅಂಟು ಶುರುವಾಯಿತು ಎಂದೇ ಅರ್ಥ.

ಹಾಗಾದರೆ ಮೂರನ್ನೂ ದಾಟಿದವನನ್ನು ಗುರುತಿಸೋದು ಹೇಗೆ ಎಂದು ಅರ್ಜುನ ಅಲ್ಲೇ ಕೇಳುತ್ತಾನೆ. ಅವನಿಗೂ ಬೆಳಕು ಬರುತ್ತದೆ, ಚಟುವಟಿಕೆ ಬರುತ್ತದೆ, ಮಂಕೂ ಕವಿಯುತ್ತದೆ ಎಂದು ಕೃಷ್ಣ ಹೇಳುತ್ತಾನೆ. ಬಂದಾಗ ಅವನು ದ್ವೇಷಿಸುವುದಿಲ್ಲ, ಹೋದಾಗ ಬೇಕು ಎಂದು ಹಂಬಲಿಸುವುದಿಲ್ಲ. ಹೊಗಳಿಕೆ, ಬೈಗುಳ ಎರಡೂ ಅವನಿಗೆ ಒಂದೇ. ಅಲ್ಲಿಗೆ ಮುಟ್ಟಲು ಸಾಂಖ್ಯರು ಹೇಳುವ ದಾರಿ ಪ್ರಕೃತಿ ಬೇರೆ, ಪುರುಷ ಬೇರೆ ಎಂಬ ತಿಳಿವು. ಗೀತೆ ಅದೇ 14ನೇ ಅಧ್ಯಾಯದ 26ನೇ ಶ್ಲೋಕದಲ್ಲಿ ಹೇಳುವುದು ಚಂಚಲವಾಗದ ಭಕ್ತಿ.